ಏರಿಯ ಮೇಲಿನ ಚಪ್ಪಾಳೆ

ಆ ಊರಿನಲ್ಲಿ ಆಕಾಶದಲ್ಲಿ ಏನು ಹಾದುಹೋದರೂ ಚಪ್ಪಾಳೆ ತಟ್ಟಬೇಕಿತ್ತು. ಹದ್ದು ಹಾದರೆ ಚಪ್ಪಾಳೆ. ಕೊಕ್ಕರೆಗಳ ಸಾಲು ಹಾದರೆ ಚಪ್ಪಾಳೆ. ಮಳೆಯಿಲ್ಲದ ಒಂಟಿ ಮೋಡ ಬಂದು ಹೋದರೂ ಅಂಗಳದಲ್ಲಿದ್ದವರು ಕೈಯಲ್ಲಿದ್ದ ಮೊರವನ್ನೋ ಕುಡುಗೋಲನ್ನೋ ಕೆಳಗಿಟ್ಟು, ಮುಖ ಮೇಲೆತ್ತಿ, ತಟ್ಟಿ, ಮತ್ತೆ ಕೆಲಸಕ್ಕೆ ಬಾಗುತ್ತಿದ್ದರು. ಕೂಸುಗಳು ಅವ್ವ ಎನ್ನುವುದಕ್ಕಿಂತ ಮೊದಲು ಚಪ್ಪಾಳೆ ಕಲಿಯುತ್ತಿದ್ದವು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಸೊಸೆ ಆ ಊರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ದೊಡ್ಡಮನೆಗೆ ಮದುವೆಯಾಗಿ ಬಂದವಳು. ಮಗಳು ಎದೆಯುದ್ದ ಬೆಳೆದಿದ್ದರೂ ಊರು ಅವಳನ್ನು ಸೊಸೆ ಎಂದೇ ಕರೆಯುತ್ತಿತ್ತು. ಅವಳು ಹೊಸಿಲು ದಾಟಿದ ದಿನ ಮನೆಯ ಮೇಲೆ ಗಿಳಿಗಳ ಹಿಂಡೊಂದು ಹಾರಿತ್ತು. ಆರತಿ ಹಿಡಿದಿದ್ದ ಹೆಂಗಸರು ತಟ್ಟೆಯನ್ನು ನೆಲಕ್ಕಿಟ್ಟು ಚಪ್ಪಾಳೆ ತಟ್ಟಿದ್ದರು. ತನಗೇ ತಟ್ಟಿದರೆಂದು ಅವಳು ನಾಚಿ ತಲೆ ತಗ್ಗಿಸಿದ್ದಳು. ಆಮೇಲೆ ಅವಳೂ ಕಲಿತಳು. ಎಲ್ಲರಿಗಿಂತ ಚೆನ್ನಾಗಿ ಕಲಿತಳು. ಅವಳ ಚಪ್ಪಾಳೆ ಮೂರು ಕೇರಿಗೂ ಕೇಳುತ್ತಿತ್ತು.

ಊರಿನ ತೆಂಕಣಕ್ಕೆ ಕೆರೆಯ ಏರಿ, ಏರಿಯಾಚೆ ಬಯಲು. ಬಯಲಿನ ನಡುವೆ ಒಂದು ದಾರಿ. ಎಲ್ಲಿಂದಲೂ ಬಾರದ, ಎಲ್ಲಿಗೂ ಹೋಗದ ದಾರಿ. ಇದ್ದಕ್ಕಿದ್ದಂತೆ ಶುರುವಾಗಿ, ಹಗ್ಗ ಎಳೆದಂತೆ ನೆಟ್ಟಗೆ ಓಡಿ, ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಹಿಂದೆ ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿದ್ದಾಗ ಟೋಪಿಯವರು ಬಂದು ಮಾಡಿಸಿದ ವಿಮಾನದ ದಾರಿ ಅದು. ಟೋಪಿಯವರು ಸರಪಳಿ ಹಿಡಿದು ಅಳೆದರು. ಊರೇ ಹೋಗಿ ಜಲ್ಲಿ ಒಡೆಯಿತು, ಊರೇ ಹೋಗಿ ಡಾಂಬರು ಕಾಯಿಸಿತು. ಎರಡು ಮಳೆಗಾಲ ವಿಮಾನಗಳು ಇಳಿದವು, ಎರಡು ಮಳೆಗಾಲ ವಿಮಾನಗಳು ಏರಿದವು. ಆಮೇಲೆ ಆ ಯುದ್ಧ ಎಲ್ಲೋ ಮುಗಿಯಿತಂತೆ. ಟೋಪಿಯವರು ಒಂದೇ ಬೆಳಗಿನಲ್ಲಿ ಗಂಟುಮೂಟೆ ಕಟ್ಟಿ ಹೊರಟುಹೋದರು. ಮೂರು ತಗಡಿನ ಕೊಟ್ಟಿಗೆ, ಮೆಟ್ಟಿಲು ಮುರಿದ ಒಂದು ಗೋಪುರ ಮತ್ತು ಆ ದಾರಿ ಉಳಿದವು. ಕೊಟ್ಟಿಗೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ದಾರಿಯ ಮೇಲೆ ಊರಿನವರು ಮೆಣಸಿನಕಾಯಿ ಒಣಹಾಕಿದರು. ಸುಗ್ಗಿಯ ಕಾಲಕ್ಕೆ ಏರಿಯ ಮೇಲೆ ನಿಂತು ನೋಡಿದರೆ ಬಯಲಿನ ನಡುವೆ ಉದ್ದಕ್ಕೂ ಕೆಂಪು ಗೀರು.

ಆ ದಾರಿಯ ಕೊನೆಗೆ ಏಳು ಗುಂಡಿಗಳಿದ್ದವು. ದುಂಡನೆಯವು, ಬಟ್ಟಲಿನಂಥವು. ಅಲ್ಲಿ ಯಾರೂ ಉಳುತ್ತಿರಲಿಲ್ಲ, ಯಾರೂ ಎಮ್ಮೆ ಮೇಯಿಸುತ್ತಿರಲಿಲ್ಲ. ಆಕಾಶ ಒಂದು ಸಲ ಕೆಳಗಿಳಿದು ಕಾಲಿಟ್ಟ ಜಾಗ ಎಂದು ಹೇಳುತ್ತಿದ್ದರು.

ವರ್ಷಕ್ಕೊಮ್ಮೆ, ಕಡಲೆಕಾಯಿ ಕೀಳುವ ಕಾಲಕ್ಕೆ, ಸೂರ್ಯ ನೆತ್ತಿಗೆ ಬಂದ ಹೊತ್ತಿನಲ್ಲಿ ಊರಿಗೂರೇ ಏರಿಯ ಮೇಲೆ ಸಾಲಾಗಿ ನಿಂತು ಆ ಗುಂಡಿಗಳ ಕಡೆಗೆ ಮುಖಮಾಡಿ ಚಪ್ಪಾಳೆ ತಟ್ಟುತ್ತಿತ್ತು. ಅಂಗೈ ಕೆಂಪಾಗುವವರೆಗೆ, ತೋಳು ಸೋಲುವವರೆಗೆ. ಮೊದಲ ಚಪ್ಪಾಳೆ ದೊಡ್ಡಮನೆಯ ಹೆಣ್ಣಿನದು. ಅವಳು ತಟ್ಟುವ ತನಕ ಬೇರೆ ಯಾರೂ ತಟ್ಟುವಂತಿಲ್ಲ.

ಆ ವರ್ಷ ಅತ್ತೆ ತೀರಿಕೊಂಡಿದ್ದಳು. ಮೊದಲ ಚಪ್ಪಾಳೆ ಸೊಸೆಯ ಪಾಲಿಗೆ ಬಂತು.

ಮೊದಲ ಸಲ ಆ ಚಪ್ಪಾಳೆ ತಟ್ಟುವವಳು ಮೂರು ದಿನ ಮುಂಚೆ ಒಬ್ಬಳೇ ಹೋಗಿ ಏಳನೆಯ ಗುಂಡಿಯಿಂದ ಒಂದು ಹಿಡಿ ಹಸಿಮಣ್ಣು ತಂದು ಅಂಗೈಗೆ ಹಚ್ಚಿಕೊಳ್ಳಬೇಕು. ಅದು ಕಟ್ಟಳೆ. ಸೊಸೆ ಬೆಳಿಗ್ಗೆ ಮಿಂದು, ಹೊಸ ಸೀರೆ ಉಟ್ಟು, ಮೆಣಸಿನಕಾಯಿಯ ಘಾಟಿಗೆ ಸೆರಗು ಮೂಗಿಗೆ ಹಿಡಿದು, ಆ ದಾರಿಯುದ್ದಕ್ಕೂ ನಡೆದಳು. ಏಳನೆಯ ಗುಂಡಿಯಲ್ಲಿ ಈ ಸಲ ನೀರಿರಲಿಲ್ಲ. ಅಂಚಿನ ಮಣ್ಣು ಒಣಗಿ ಸೀಳುಬಿಟ್ಟಿತ್ತು. ಹಸಿಮಣ್ಣು ಬೇಕಲ್ಲ ಎಂದು ಅವಳು ತಳಕ್ಕಿಳಿದು, ಮೊಣಕಾಲೂರಿ, ಕೈಯಿಂದ ಕೆದಕಿದಳು. ಗೇಣುದ್ದ ಹೋದ ಮೇಲೆ ಬೆರಳಿಗೆ ಗಟ್ಟಿಯಾದದ್ದು ತಗುಲಿತು. ಕಲ್ಲೆಂದುಕೊಂಡಳು. ಪಕ್ಕದಲ್ಲಿ ಕೆದಕಿದಳು, ಅಲ್ಲೂ ಅಂಥದೇ. ಮತ್ತೊಂದು ಪಕ್ಕದಲ್ಲೂ.

ಮೂರು ಗುಂಡುಕಲ್ಲುಗಳು. ಮೂರರ ಒಳಮೈಯೂ ಕಪ್ಪು. ನಡುವೆ ಬೂದಿ, ಬೂದಿಯಲ್ಲಿ ಅರ್ಧ ಸುಟ್ಟ ಜಾಲಿಯ ಕೊಳ್ಳಿ.

ಸೊಸೆ ಕೈ ಹಿಂದಕ್ಕೆಳೆದುಕೊಂಡಳು. ಇಪ್ಪತ್ತು ವರ್ಷದಿಂದ ದಿನಕ್ಕೆರಡು ಸಲ ಒಲೆಯ ಮುಂದೆ ಕೂತವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಬೆರಳಿಗೆ ಅಂಟಿದ ಮಸಿಯನ್ನು ನೋಡಿಕೊಂಡಳು. ಸೀರೆಗೆ ಒರೆಸಿಕೊಂಡಳು, ಹೋಗಲಿಲ್ಲ. ನೆತ್ತಿಯ ಮೇಲೆ ಹದ್ದೊಂದು ಹಾದುಹೋಯಿತು. ಆ ಊರಿಗೆ ಬಂದಮೇಲೆ ಮೊದಲ ಸಲ ಚಪ್ಪಾಳೆ ತಟ್ಟುವುದು ಅವಳಿಗೆ ಮರೆತುಹೋಯಿತು.

ಊರಿನಲ್ಲಿ ಎಲ್ಲರಿಗಿಂತ ಹಿರಿಯ ಜಾಗಟೆಯಜ್ಜ. ಒಂದು ಕಾಲಕ್ಕೆ ಊರಿನ ಸುದ್ದಿಯನ್ನೆಲ್ಲ ಜಾಗಟೆ ಬಡಿದು ಸಾರುತ್ತಿದ್ದವನು. ಅವನೊಬ್ಬನಿಗೆ ಚಪ್ಪಾಳೆಯಿಂದ ವಿನಾಯಿತಿ. ಕೈಯಲ್ಲಿ ಶಕ್ತಿ ಹೋಗಿದೆ ಎಂದು ಎರಡೂ ಕೈಯನ್ನು ಸದಾ ಕಂಬಳಿಯೊಳಗೆ ಹುದುಗಿಸಿ ಜಗಲಿಯ ಮೇಲೆ ಕೂತಿರುತ್ತಿದ್ದ. ಸೊಸೆ ಮನೆಗೆ ಹೋಗದೆ ನೆಟ್ಟಗೆ ಅವನ ಜಗಲಿಗೆ ಬಂದಳು.

“ಅಜ್ಜಾ, ಆಕಾಶ ಅಡಿಗೆ ಮಾಡ್ತದಾ?” ಎಂದಳು.

ಮುದುಕ ಅವಳ ಮುಖ ನೋಡಲಿಲ್ಲ. ಬೆರಳು ನೋಡಿದ.

“ಎಷ್ಟು ಕೆಳಗಿತ್ತು?”

“ಗೇಣು.”

“ಗೇಣೇನಾ,” ಎಂದ ಮುದುಕ. “ನಾನು ಪಾತಾಳಕ್ಕೆ ಹೋಗೈತೆ ಅಂದ್ಕೊಂಡಿದ್ದೆ.”

ಓಣಿಯಲ್ಲಿ ಯಾರೋ ಮೇಲೆ ಹಾರಿದ ಗೊರವಂಕ ಹಕ್ಕಿಗೆ ಚಪ್ಪಾಳೆ ತಟ್ಟಿದರು. ಸದ್ದು ನಿಂತ ಮೇಲೆ ಅವನು ಬಾಯಿಬಿಟ್ಟ.

“ಊರಿಗೆ ಕೇರಿ ಎಷ್ಟವ್ವಾ?”

“ಮೂರು.”

“ನಾಲ್ಕು. ನಾಲ್ಕನೇದು ಏರಿ ಆಚೆ ಇತ್ತು. ಊರಿನ ಕಾಲು ಆ ಕೇರಿಗೆ ಹೋಗ್ತಿರಲಿಲ್ಲ, ಆ ಕೇರಿಯ ಕೈ ಮಾತ್ರ ಊರಿನ ಹೊಲಕ್ಕೆ ಬರ್ತಿತ್ತು. ನಾನೂ ಅಲ್ಲಿಗೆ ಹೋಗಿ ಸಾರ್ತಿರಲಿಲ್ಲ. ಸೋಮವಾರಕ್ಕೊಂದು ಸಲ ಅವರೇ ಏರಿ ತುದಿಗೆ ಬಂದು ನಿಂತ್ಕೊಂಡು ಕೇಳ್ತಿದ್ರು.”

ಟೋಪಿಯವರಿಗೆ ವಿಮಾನದಿಂದ ಗುಂಡು ಎಸೆದು ಅಭ್ಯಾಸ ಮಾಡಲು ಖಾಲಿ ಜಾಗ ಬೇಕಾಗಿತ್ತಂತೆ. ಏರಿಯ ಆಚೆ ಅಮಾವಾಸ್ಯೆಯ ಹೊತ್ತಿಗೆ ಮನುಷ್ಯರಿರಬಾರದು, ದನವಿರಬಾರದು, ಎಲ್ಲ ಕೇರಿಗೂ ಸಾರು ಎಂದು ಅವರು ಹೇಳಿ ಹೋದರು. ಜಾಗಟೆಯವನು ಮೂರು ಕೇರಿಗೆ ಸಾರಿದ. ಸೋಮವಾರ ಏರಿಯ ತುದಿಗೆ ಹೊರಟವನನ್ನು ದೊಡ್ಡಮನೆಯ ಯಜಮಾನ ತಡೆದ. ಯಜಮಾನನೆಂದರೆ ಸೊಸೆಯ ಗಂಡನ ಅಜ್ಜ.

“ಕಡಲೆಕಾಯಿ ಇನ್ನೂ ನೆಲದಾಗೈತೆ, ಇವತ್ತು ಹೇಳಿದ್ರೆ ನಾಳೆನೇ ಗುಡಿಸ್ಲು ಕಿತ್ಕೊಂಡು ಹೋಗ್ತಾರೆ, ಕೀಳೋರು ಯಾರು, ಅಂದ. ಕಾಯಿ ಮುಗೀಲಿ, ಆಮೇಲೆ ಹೇಳು, ಇನ್ನೂ ಎಂಟು ದಿನ ಐತಲ್ಲ ಅಂದ. ನಾನು ಜಾಗಟೆ ಬಗಲಿಗೆ ಹಾಕ್ಕೊಂಡು ತಿರುಗಿ ಬಂದೆ.”

“ಆಮೇಲೆ ಹೇಳಿದ್ಯಾ?”

“ಎಂಟು ದಿನ ಆಗ್ಲೇ ಇಲ್ಲವ್ವ. ಐದನೇ ದಿನಕ್ಕೇ ಟೋಪಿಯವರು ಬಂದ್ರು. ಮೋಡ ಕಟ್ತೈತೆ, ಇವತ್ತೇ ಮುಗಿಸ್ತೀವಿ ಅಂದ್ರು. ನನ್ನ ಕರೆದು ಕೇಳಿದ್ರು, ಎಲ್ಲಾರಿಗೂ ಸಾರಿದೀಯಾ ಅಂತ. ನಾನು ಯಜಮಾನನ ಮುಖ ನೋಡಿದೆ. ಅವನು ತನ್ನ ಕಾಲು ನೋಡ್ಕೊಂಡ.”

ಮುದುಕ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ.

“ಸಾರಿದೀನಿ ಸ್ವಾಮಿ ಅಂದೆ.”

“ಆ ಹೊತ್ತಿಗೆ ಕೇರಿಯಲ್ಲಿ ಯಾರಿದ್ರು?” ಎಂದಳು ಸೊಸೆ.

“ಗಟ್ಟಿ ಇದ್ದೋರೆಲ್ಲ ಯಜಮಾನನ ಹೊಲದಾಗೇ ಕಾಯಿ ಕೀಳ್ತಿದ್ರು. ಕೇರಿಯಲ್ಲಿ ಉಳಿದೋರು ಮುದುಕರು, ಬಾಣಂತಿಯರು, ಕೂಸುಗಳು. ಇಪ್ಪತ್ತಾರು ಮಂದಿ. ಊರು ಏರಿ ಮೇಲೆ ನಿಂತಿತ್ತು, ವಿಮಾನ ನೋಡೋಕೆ. ಮೊದಲನೇ ಗುಂಡು ಬಿತ್ತು. ಧೂಳು ಎದ್ದಿತು. ಧೂಳಿನಿಂದ ಯಾರೋ ಈಚೆ ಓಡಿಬಂದ್ರು. ಅದನ್ನ ನೋಡಿ ಒಬ್ಳು ಕಿರುಚಿದ್ಲು. ‘ಜನ ಅವ್ರೆ, ನಿಲ್ಸ್ರೋ, ಜನ ಅವ್ರೆ’ ಅಂತ. ಅವಳು ನನ್ನ ಹೆಂಡ್ತಿ.”

“ಟೋಪಿಯವರಿಗೆ ಕೇಳಿಸಲಿಲ್ವಾ?”

“ಗೋಪುರದ ಮೇಲಿದ್ದೋರಿಗೆ ಕೇಳಿಸಬೋದಿತ್ತು. ಕೇಳಿಸಿದ್ರೆ ನಾನು ಸುಳ್ಳಾಡಿದ್ದು, ಯಜಮಾನ ತಡೆದಿದ್ದು, ಎಲ್ಲಾ ಹೊರಬೀಳ್ತಿತ್ತು. ಆಗ ನಿನ್ನ ಗಂಡನ ಅಜ್ಜಿ ಚಪ್ಪಾಳೆ ತಟ್ಟಿದ್ಲು.”

ಸೊಸೆ ಅವನನ್ನೇ ನೋಡಿದಳು.

“ಜೋರಾಗಿ ತಟ್ಟಿದ್ಲು. ಅವಳ ನೋಡಿ ಅವಳ ಮಗ್ಗುಲಿನೋಳು. ಅವಳ ನೋಡಿ ಇನ್ನೊಬ್ಬ. ಊರೆಲ್ಲಾ ತಟ್ಟಿತು. ಉಳಿದ ಆರು ಗುಂಡೂ ಬೀಳೋ ತನಕ ತಟ್ಟಿತು. ನನ್ನ ಹೆಂಡ್ತಿ ಬಾಯಿ ಆಡ್ತಿದ್ದದ್ದು ಕಾಣ್ತಿತ್ತು, ಧ್ವನಿ ಕೇಳಿಸ್ಲಿಲ್ಲ. ಮಗ್ಗುಲಲ್ಲೇ ನಿಂತಿದ್ದ ನಂಗೂ ಕೇಳಿಸ್ಲಿಲ್ಲ. ನಾನೂ ತಟ್ತಿದ್ದೆ.”

ಹೊಲದಲ್ಲಿದ್ದವರು ಬರಿಗೈಯಲ್ಲಿ ಓಡಿಬಂದರಂತೆ. ಕೈಗೆ ಕಡಲೆಗಿಡದ ಮಣ್ಣು ಹಾಗೇ ಇತ್ತಂತೆ. ಗುಂಡಿಗಳ ಅಂಚಿನಲ್ಲಿ ಸಂಜೆಯವರೆಗೆ ನಿಂತಿದ್ದು, ಒಂದು ಮಾತೂ ಆಡದೆ, ಊರಿನ ಕಡೆ ತಿರುಗಿಯೂ ನೋಡದೆ ಹೊರಟುಹೋದರಂತೆ. ಮುದುಕನ ಹೆಂಡತಿ ಅವರ ಹಿಂದೆ ನಡೆದಳಂತೆ.

“ಅವತ್ತಿಂದ ತಟ್ಟಿಲ್ಲ,” ಎಂದು ಮುದುಕ ಕಂಬಳಿಯಿಂದ ಎರಡೂ ಕೈ ಹೊರತೆಗೆದ. ಬಲವಾದ ಕೈಗಳೇ. ಬೆಳಕು ಕಾಣದೆ ಬಿಳಿಚಿಕೊಂಡಿದ್ದವು, ಅಷ್ಟೇ.

ಸೊಸೆ ಮನೆಗೆ ಓಡಿದಳು. ಓಡುತ್ತಲೇ, ಇದನ್ನು ಗಂಡನಿಗೆ ಹೇಗೆ ಹೇಳಲಿ, ಪಾಪ, ಅವನ ಎದೆ ಒಡೆದೀತು, ಸ್ವಂತ ಅಜ್ಜ, ಸ್ವಂತ ಅಜ್ಜಿ ಎಂದುಕೊಳ್ಳುತ್ತಿದ್ದಳು. ಗಂಡ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ. ಮಗಳು ಪಕ್ಕದಲ್ಲಿ ಕೂತು ಚೀಲ ಹೊಲಿಯುತ್ತಿದ್ದಳು. ಸೊಸೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಒಲೆ, ಜಾಗಟೆ, ಕಡಲೆಕಾಯಿ, ಇಪ್ಪತ್ತಾರು ಮಂದಿ, ಕಿರುಚಿದ ಹೆಂಗಸು, ಮೊದಲ ಚಪ್ಪಾಳೆ.

ಗಂಡನ ಕೈ ನಿಲ್ಲಲಿಲ್ಲ. ಒಂದು ತೊಟ್ಟು ಬಿಡಿಸಿದ, ಇನ್ನೊಂದು ಬಿಡಿಸಿದ.

“ಗೊತ್ತು,” ಎಂದ.

“ಏನು ಗೊತ್ತು?”

“ನೀನು ಹೇಳಿದ್ದು. ಎಲ್ಲಾರಿಗೂ ಗೊತ್ತು.”

ಸೊಸೆ ಮಗಳ ಕಡೆ ತಿರುಗಿದಳು. ಹದಿನೇಳು ವರ್ಷದ ಹುಡುಗಿ ದಬ್ಬಣವನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸಿ, ಅವ್ವನನ್ನು ಮರುಕದಿಂದ ನೋಡಿದಳು.

“ನಿಂಗೂ?”

“ಹೂಂ ಅವ್ವ.”

“ಯಾರು ಹೇಳಿದ್ರು?”

“ಯಾರೂ ಹೇಳಲ್ಲ. ಅಜ್ಜಿ ತಟ್ಟುವಾಗ ಅಜ್ಜಿ ಮುಖ ನೋಡಿದ್ರೆ ಸಾಕು. ಏರಿ ಮೇಲೆ ಯಾರ ಮುಖ ನೋಡಿದ್ರೂ ಗೊತ್ತಾಗುತ್ತೆ.” ಮಗಳು ದಬ್ಬಣವನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು: “ನೀನೊಬ್ಳೇ ನಗ್ತಾ ತಟ್ತಿದ್ದೆ. ಅದಕ್ಕೇ ನಿಂಗೆ ಮಾತ್ರ ಗೊತ್ತಿಲ್ಲ ಅಂತ ಎಲ್ಲಾರಿಗೂ ಗೊತ್ತಿತ್ತು.”

ಸೊಸೆಗೆ ಒಳಗೆ ಎಲ್ಲವೂ ನಿಂತುಹೋದಂತಾಯಿತು. ಇಪ್ಪತ್ತು ಸಲ ಆ ಏರಿಯ ಮೇಲೆ ನಿಂತಿದ್ದಳು. ಇಪ್ಪತ್ತು ಸಲ ತನ್ನ ಎಡಬಲದವರು ಗುಂಡಿಗಳನ್ನು ನೋಡದೆ ತನ್ನನ್ನೇ, ತನ್ನ ನಗುವನ್ನೇ ನೋಡುತ್ತಿದ್ದರು. ಅದು ಅವಳಿಗೀಗ ನೆನಪಾಯಿತು. ಆಗ ಅದನ್ನು ಮೆಚ್ಚುಗೆ ಎಂದುಕೊಂಡಿದ್ದಳು.

“ನಾನು ತಟ್ಟಲ್ಲ,” ಎಂದಳು.

“ತಟ್ಟದಿದ್ರೆ ಏನಾಗುತ್ತೆ ಗೊತ್ತಾ?” ಗಂಡ ಮೊದಲ ಸಲ ತಲೆಯೆತ್ತಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. “ಆ ಕಿರುಚಿದವಳ ಕೂಗು ಕೇಳಿಸುತ್ತೆ.”

ಮೂರು ದಿನ ಸೊಸೆ ಒಲೆ ಹಚ್ಚಲಿಲ್ಲ. ಒಲೆಯ ಎದುರಿಗೆ ಕೂರಲು ಅವಳಿಂದ ಆಗಲಿಲ್ಲ. ಮಗಳು ಹೊರಗೆ ಕಲ್ಲು ಹೂಡಿ ಗಂಜಿ ಕಾಯಿಸಿದಳು.

ಆ ದಿನ ಬಂತು. ಸೂರ್ಯ ನೆತ್ತಿಗೇರಿದ. ಮೂರು ಕೇರಿಯೂ ಏರಿಯ ಮೇಲೆ ಸಾಲಾಗಿ ನಿಂತಿತು. ಮುದುಕರು, ಗಂಡಸರು, ಹೆಂಗಸರು, ಸೊಂಟದ ಮೇಲೆ ಕೂಸು ಕೂರಿಸಿಕೊಂಡವರು. ಎಲ್ಲರ ಕೈಗಳೂ ಎದೆಯ ಮಟ್ಟಕ್ಕೆ ಎದ್ದು, ಅಂಗೈಗೂ ಅಂಗೈಗೂ ಗೇಣು ಅಂತರದಲ್ಲಿ ನಿಂತವು. ಮೊದಲ ಚಪ್ಪಾಳೆಗೆ ಕಾದವು.

ಸೊಸೆಯ ಕೈ ಕೆಳಗೇ ಇತ್ತು.

ಗಾಳಿ ಬೀಸಿತು. ತಗಡಿನ ಕೊಟ್ಟಿಗೆಯಲ್ಲಿ ಪಾರಿವಾಳ ಗುಟುರು ಹಾಕಿದ್ದು ಕೇಳಿಸಿತು. ಎಲ್ಲೋ ಎಮ್ಮೆಯೊಂದು ಕೆಮ್ಮಿತು. ಅಷ್ಟು ಮಂದಿಯ ಉಸಿರು ಒಟ್ಟಿಗೆ ಕೇಳಿಸತೊಡಗಿತು. ಆ ಹೊತ್ತಿನಲ್ಲಿ ಅಲ್ಲಿ ಅಂಥ ಮೌನ ಹಿಂದೆಂದೂ ಆಗಿರಲಿಲ್ಲ. ಒಬ್ಬ ಹೆಂಗಸು ಕಿವಿ ಮುಚ್ಚಿಕೊಂಡಳು.

ದೊಡ್ಡಮನೆಯ ಹಿರಿಯ, ಗಂಡನ ದೊಡ್ಡಪ್ಪ, ಹತ್ತಿರ ಬಂದ.

“ತಟ್ಟವ್ವಾ.”

“ಆಗಲ್ಲ ದೊಡ್ಡಮಾವ.”

“ನನಗಾಗ ಆರು ವರ್ಷ,” ಎಂದ ಹಿರಿಯ ಸಣ್ಣ ಧ್ವನಿಯಲ್ಲಿ. “ನಮ್ಮವ್ವ ನನ್ನ ಕೈ ಹಿಡಿದು ಬಡಿಸಿದ್ಲು. ಬಿಟ್ಟಿದ್ರೆ ನಾನೂ ಕಿರುಚ್ತಿದ್ದೆ. ತಟ್ಟು ತಾಯಿ. ಇವರು ತಡಕೊಳ್ಳಲ್ಲ.”

ಅವಳು ಕೈ ಎತ್ತಲಿಲ್ಲ. ಹಿರಿಯ ಕಟ್ಟಳೆ ಮುರಿದು ತಾನೇ ತಟ್ಟಿದ. ಒಂದು ಸಲ, ಎರಡು ಸಲ. ಯಾರೂ ಜೊತೆಗೂಡಲಿಲ್ಲ. ಒಂಟಿ ಮುದುಕನ ಚಪ್ಪಾಳೆ, ಒಣ ಕಡ್ಡಿ ಮುರಿದಂತೆ ಕೇಳಿಸಿ ನಿಂತಿತು.

ಆಗ ಬಯಲಿನಿಂದ ಜಾಗಟೆಯ ಸದ್ದು ಬಂತು.

ಕಂಬಳಿಯಿಲ್ಲದೆ, ಬರಿಮೈಯಲ್ಲಿ, ಜಾಗಟೆಯಜ್ಜ ಕೆಂಪು ಮೆಣಸಿನಕಾಯಿಯ ನಡುವೆ ಆ ದಾರಿಯಲ್ಲಿ ನಡೆಯುತ್ತಿದ್ದ. ಮೊದಲ ಗುಂಡಿಯ ಅಂಚಿನಲ್ಲಿ ನಿಂತ. ಜಾಗಟೆ ಬಡಿದ. ಆ ವಯಸ್ಸಿನ ಗಂಟಲಿನಿಂದ ಅಂಥ ಧ್ವನಿ ಹೊರಟೀತೆಂದು ಯಾರೂ ಎಣಿಸಿರಲಿಲ್ಲ.

“ಕೇಳ್ರಪ್ಪೋ! ನಾಲ್ಕನೇ ಕೇರಿಯವ್ರು ಕೇಳ್ರಿ! ಏರಿ ಆಚೆ ಜಾಗ ಬಿಡಬೇಕಂತೆ! ಮನುಷ್ಯರಿರಬಾರದಂತೆ, ದನ ಇರಬಾರದಂತೆ! ದುರುಗವ್ವಾ, ಬಾಣಂತಿ ಮಗಳನ್ನ ಎಬ್ಬಿಸೇ, ಹೊರಡ್ರಿ! ಕೆಂಚಪ್ಪಾ, ಕೋಲು ತಗೋ, ಈಗಲೇ ಹೊರಡು!”

ಎರಡನೆಯ ಗುಂಡಿಗೆ ಹೋದ. ಅಲ್ಲಿಯೂ ಬಡಿದ, ಸಾರಿದ, ಹೆಸರು ಹಿಡಿದು ಕೂಗಿದ. ಹುಲಿಗೆವ್ವ. ಹುಲಿಗೆವ್ವನ ಅವಳಿ ಮಕ್ಕಳು. ಕುರುಡ ಯಮನೂರಪ್ಪ. ಮೂರನೆಯ ಗುಂಡಿಯ ಮುಂದೆ ಅವನ ಕೈ ಎತ್ತಿದಲ್ಲೇ ನಿಂತಿತು.

“ಇಲ್ಲಿ... ಇಲ್ಲಿ ಯಾರಿದ್ರು?” ಅವನು ಏರಿಯ ಕಡೆ ತಿರುಗಿದ. “ಮರೆತುಹೋಯ್ತಲ್ರಪ್ಪೋ! ಇಲ್ಲಿ ಯಾರಿದ್ರು?”

ಸಾಲಿನ ತುದಿಯಿಂದ ಒಬ್ಬ ಹಣ್ಣುಮುದುಕಿ, ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂಗಿದಳು:

“ಭರಮವ್ವ! ಭರಮವ್ವ ಮತ್ತವಳ ಅತ್ತೆ!”

“ಅತ್ತೆ ಹೆಸರು ಮೂಕವ್ವ,” ಎಂದ ಇನ್ನೊಬ್ಬ. “ಮನೆ ಮುಂದೆ ತಂಗಡಿ ಗಿಡ ಇತ್ತು.”

“ಚೌಡಕ್ಕ,” ಎಂದಳು ಕಿವಿ ಮುಚ್ಚಿಕೊಂಡಿದ್ದ ಹೆಂಗಸು. ಅವಳಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. ಚೌಡಕ್ಕನನ್ನು ಅವಳು ಕಂಡಿರುವುದು ಸಾಧ್ಯವೇ ಇರಲಿಲ್ಲ.

ಸೊಸೆ ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತ ನಿಂತಳು. ಹೆಸರುಗಳು ಏರಿಯುದ್ದಕ್ಕೂ ಬರುತ್ತಿದ್ದವು. ಅವಳ ಮಗಳೂ ಒಂದು ಹೆಸರು ಹೇಳಿದಳು. ಯಾರೂ ಯಾರಿಗೂ ಹೇಳಿಕೊಡದ ಹೆಸರುಗಳು ಊರಿಗೆಲ್ಲ ಬಾಯಿಪಾಠವಾಗಿದ್ದವು. ಮುದುಕ ಒಂದೊಂದನ್ನೂ ಎತ್ತಿಕೊಂಡು ಗುಂಡಿಯೊಳಕ್ಕೆ ಸಾರಿದ. ನಾಲ್ಕು, ಐದು, ಆರು.

ಏಳನೆಯ ಗುಂಡಿಯಲ್ಲಿ ಒಂದು ಹೆಸರು ಕಡಿಮೆಯಾಯಿತು.

“ಇಪ್ಪತ್ತೈದಾಯ್ತು! ಇನ್ನೊಂದು ಐತೆ!” ಮುದುಕನ ಧ್ವನಿ ಒಡೆಯಿತು. “ಇನ್ನೊಂದು ಯಾರದು?”

ಏರಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಸಣ್ಣಕರಿಯ,” ಎಂದ ಯಾರೋ ಸೊಸೆಯ ಬೆನ್ನ ಹಿಂದೆ.

ಅವಳು ತಿರುಗಿದಳು. ಗಂಡ. ಅವನ ಮುಖ ಬೂದಿಯಾಗಿತ್ತು.

“ನಿಂಗೆ ಹೆಂಗೆ ಗೊತ್ತು?”

“ನಮ್ಮಜ್ಜಿ ನನ್ನ ತೊಟ್ಟಿಲು ತೂಗುವಾಗ ನನ್ನ ಹೆಸರು ಬಿಟ್ಟು ಅದನ್ನೇ ಕರೀತಿದ್ಲಂತೆ. ದೊಡ್ಡವನಾದ ಮೇಲೂ ನಿದ್ದೆಗಣ್ಣಲ್ಲಿ ಕರೀತಿದ್ಲು. ನಾನು ಓ ಅಂತಿದ್ದೆ.”

ಇಪ್ಪತ್ತು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಮನುಷ್ಯನನ್ನು ಸೊಸೆ ಮೊದಲ ಸಲ ನೋಡುವಂತೆ ನೋಡಿದಳು. ಅವನ ಹತ್ತಿರಕ್ಕೆ ಹೋಗಬೇಕೋ ದೂರ ಸರಿಯಬೇಕೋ ತಿಳಿಯಲಿಲ್ಲ.

“ವಯಸ್ಸೆಷ್ಟು?” ಎಂದು ಮುದುಕ ಕೆಳಗಿನಿಂದ ಕೇಳಿದ.

“ಇನ್ನೂ ಹಲ್ಲು ಬಂದಿರಲಿಲ್ಲಂತೆ,” ಎಂದು ಗಂಡ ಕೂಗಿ ಹೇಳಿದ.

“ನಡೆಯೋಕೆ?”

“ಎಲ್ಲಿಂದ ಬರ್ಬೇಕಜ್ಜಾ, ನಡೆಯೋಕೆ.”

ಮುದುಕ ಜಾಗಟೆಯನ್ನು ನೆಲಕ್ಕಿಟ್ಟ. ಗುಂಡಿಯೊಳಗೆ ಬಗ್ಗಿ ನೋಡಿದ. ಆಮೇಲೆ ತಲೆಯೆತ್ತಿ, ಏರಿಯ ಮೇಲಿದ್ದ ಮೂರು ಕೇರಿಗೂ ಕೇಳಿಸುವಂತೆ ಹೇಳಿದ:

“ಹಂಗಾದ್ರೆ ಅದಕ್ಕೆ ಸಾರಿದ್ರೆ ಆಗಲ್ಲ. ಯಾರಾದ್ರೂ ಬಂದು ಎತ್ಕೊಬೇಕು.”

ಸಾಲು ಅಲುಗಲಿಲ್ಲ. ನೂರಾರು ಕೈಗಳು ಗೇಣು ಅಂತರದಲ್ಲಿ ಹಾಗೆಯೇ ನಿಂತಿದ್ದವು.

ಗಂಡ ಚಪ್ಪಲಿ ಬಿಟ್ಟ. ಸೊಸೆಯನ್ನು ದಾಟಿ, ಏರಿಯ ಆಚೆಯ ಇಳಿಜಾರಿಗೆ ಕಾಲಿಟ್ಟ.